ಚಿತ್ರ ತೆಗೆದಾದ ಮೇಲೆ: ದಯನಿತಾ ಸಿಂಗ್ ಅವರ ಪುಸ್ತಕಗಳು

ಬೆಂಗಳೂರು, ಮೈಸೂರಿನ ಕ್ಯಾಮೆರಾ ಕ್ಲಬ್ಬುಗಳಲ್ಲಿ ಪಳಗಿದವರಿಗೆ ಕಲಾತ್ಮಕ ಫೋಟೋಗ್ರಫಿಯ ಅಳತೆಗೋಲು ಬಹುಕಾಲದಿಂದ ಒಂದೇ: ಸಲೋನ್ ಎಂಬ ಸ್ಪರ್ಧಾ ಪ್ರದರ್ಶನ. ಸಿ. ರಾಜಗೋಪಾಲ್ ಅವರಂಥ ಪಿಕ್ಟೋರಿಯಲಿಸ್ಟರು, ಅಂದರೆ ಫೋಟೋವನ್ನು ಚಿತ್ರಕಲೆಯಂತೆ ಕಟ್ಟುವವರು, ಕಟ್ಟಿಕೊಟ್ಟ ಪರಂಪರೆ ಅದು. 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಅದನ್ನು ಮುಂದಿನ ತಲೆಮಾರುಗಳಿಗೆ ದಾಟಿಸಿದವು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ವನ್ಯಜೀವಿ ಚಿತ್ರಗಳಿಗೆ ಹೊರದೇಶಗಳಲ್ಲಿ ಹೆಸರು ಬಂದದ್ದರಲ್ಲೂ ಈ ಪರಂಪರೆಯ ಪಾಲಿದೆ. ಸಲೋನಿನ ಕ್ರಮ ಬಲ್ಲವರಿಗೆ ಗೊತ್ತು. ತೀರ್ಪಿನ ದಿನ ತೀರ್ಪುಗಾರರು ಸಾಲಾಗಿ ಕೂರುತ್ತಾರೆ. ಚಿತ್ರ ಪರದೆಯ ಮೇಲೆ ಬರುತ್ತದೆ, ಕೆಲವು ಸೆಕೆಂಡು ನಿಲ್ಲುತ್ತದೆ, ಅಂಕ ಬೀಳುತ್ತದೆ, ಮುಂದಿನದು ಬರುತ್ತದೆ. ಇಷ್ಟು ದೇಶಗಳಲ್ಲಿ ಇಷ್ಟು ‘ಆಕ್ಸೆಪ್ಟೆನ್ಸ್’ ಆದರೆ ಹೆಸರಿನ ಮುಂದೆ ಎಎಫ್‌ಐಎಪಿ ಎಂಬ ಬಿರುದು, ಇನ್ನಷ್ಟು ಆದರೆ ಅದಕ್ಕೂ ಮೇಲಿನ ಇಎಫ್‌ಐಎಪಿ.

ಈ ಪದ್ಧತಿ ನಮ್ಮವರಿಗೆ ಕಲಿಸಿದ್ದು ಸಣ್ಣದಲ್ಲ. ಬೆಳಕನ್ನು ಓದುವುದು, ಚೌಕಟ್ಟಿನ ಅಂಚಿನಲ್ಲಿ ಬೇಡದ್ದು ನುಸುಳದಂತೆ ನೋಡಿಕೊಳ್ಳುವುದು, ಕಪ್ಪಿನೊಳಗೂ ವಿವರ ಉಳಿಯುವಂತೆ ಪ್ರಿಂಟ್ ಮಾಡುವುದು, ಎಲ್ಲವನ್ನೂ ಕ್ಲಬ್ಬಿನ ಹಿರಿಯರು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಆದರೆ ಕೆಲವೇ ಸೆಕೆಂಡುಗಳಲ್ಲಿ ಗೆಲ್ಲಬೇಕಾದ ಚಿತ್ರ ಕೂಗಿ ಮಾತಾಡುವುದನ್ನು ರೂಢಿಸಿಕೊಳ್ಳುತ್ತದೆ. ಕಂಬಳದ ಕೋಣಗಳ ಮುಂದೆ ಸಿಡಿದ ಕೆಸರುನೀರು, ಗೋಧೂಳಿಯಲ್ಲಿ ಮನೆಗೆ ಮರಳುವ ದನಗಳ ಬೆನ್ನ ಹಿಂದಿನ ಬಿಸಿಲಕೋಲು, ಸುಕ್ಕುಮುಖದ ಅಜ್ಜನ ಬೀಡಿಹೊಗೆ, ಹಂಪಿಯ ಮಾತಂಗ ಬೆಟ್ಟದ ತುದಿಯಿಂದ ಕಂಡ ಸೂರ್ಯೋದಯ. ಒಂದೊಂದೂ ಚೆನ್ನಾಗಿಯೇ ಇರುತ್ತದೆ. ನೂರನ್ನು ಒಟ್ಟಿಗೆ ಹರಡಿ ನೋಡಿದರೆ ಯಾವುದು ಯಾರು ತೆಗೆದದ್ದೆಂದು ಹೇಳಲು ಬಾರದು. ಕೌಶಲವಿದೆ, ತೆಗೆದವರ ಗುರುತಿಲ್ಲ. ಹಾಗಾದರೆ ಫೋಟೋಗ್ರಫಿಯಲ್ಲಿ ಸೃಜನಶೀಲತೆ ಅನ್ನುವುದು ಇರುವುದೆಲ್ಲಿ?

ಈ ಪ್ರಶ್ನೆಗೆ ಇಂದಿನ ಭಾರತದಲ್ಲಿ ಎಲ್ಲರಿಗಿಂತ ಹಟದಿಂದ ಉತ್ತರ ಹುಡುಕಿದವರು ದಯನಿತಾ ಸಿಂಗ್. 1961ರಲ್ಲಿ ದೆಹಲಿಯಲ್ಲಿ ಹುಟ್ಟಿದ, 2022ರಲ್ಲಿ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಪಡೆದ ಈ ಕಲಾವಿದೆ ತಮ್ಮನ್ನು ಫೋಟೋಗ್ರಾಫರ್ ಎಂದು ಕರೆದುಕೊಳ್ಳುವುದಕ್ಕಿಂತ ಪುಸ್ತಕ ಮಾಡುವವಳು ಎಂದುಕೊಳ್ಳಲು ಇಷ್ಟಪಡುತ್ತಾರೆ. ಅವರ ಪಾಲಿಗೆ ತೆಗೆದ ಚಿತ್ರ ಬರೀ ಕಚ್ಚಾಸಾಮಗ್ರಿ. ಯಾವುದರ ಪಕ್ಕ ಯಾವುದು ಕೂರಬೇಕು, ಅದನ್ನು ಎಷ್ಟು ದೊಡ್ಡದಾಗಿ, ಯಾವ ಕಾಗದದ ಮೇಲೆ, ಗೋಡೆಯಲ್ಲೋ ಕೈಯಲ್ಲೋ ಮೇಜಿನ ಮೇಲೋ ತೋರಿಸಬೇಕು ಅನ್ನುವಲ್ಲಿ ನಿಜವಾದ ಕೆಲಸ ಶುರುವಾಗುತ್ತದೆ. ಈ ಮಾತು ಬಹಳ ಮಟ್ಟಿಗೆ ಸರಿ ಎಂದೇ ನನ್ನ ಅಭಿಪ್ರಾಯ. ಅದು ಎಲ್ಲಿಯವರೆಗೆ ಸರಿ, ಎಲ್ಲಿ ಸೋಲುತ್ತದೆ ಅನ್ನುವುದಕ್ಕೂ ಅವರ ಪುಸ್ತಕಗಳೇ ಸಾಕ್ಷಿ.

ಅವರ ತಯಾರಿ ಶುರುವಾದದ್ದು ಸಂಗೀತಗಾರರ ಸಂಗದಲ್ಲಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಅಂದರೆ ಎನ್‌ಐಡಿಯಲ್ಲಿ, ಓದುತ್ತಿದ್ದಾಗ ತಬಲಾ ವಾದಕ ಜಾಕಿರ್ ಹುಸೇನ್ ಅವರ ಬೆನ್ನುಹತ್ತಿ ಹಲವು ಚಳಿಗಾಲ ಕಛೇರಿಯಿಂದ ಕಛೇರಿಗೆ ತಿರುಗಿದರು. ರೈಲು, ಬಸ್ಸು, ಗ್ರೀನ್ ರೂಮು, ಮನೆ ಎಲ್ಲವನ್ನೂ ಚಿತ್ರಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ ಪ್ರಿಂಟುಗಳನ್ನು ಕತ್ತರಿಸಿ ಅಂಟಿಸಿ ಮಾಡಿದ ಮಾದರಿ ಪ್ರತಿ 1986ರಲ್ಲಿ ಅವರ ಮೊದಲ ಪುಸ್ತಕವಾಯಿತು. ಆ ಕೈಬರಹದ ಮಾದರಿಯನ್ನೇ ಜರ್ಮನಿಯ ಸ್ಟೈಡಲ್ ಪ್ರಕಾಶನ 2019ರಲ್ಲಿ ಯಥಾವತ್ತಾಗಿ ಅಚ್ಚು ಹಾಕಿತು. ಜಾಕಿರ್ ಅವರಿಂದ ತಾವು ಕಲಿತದ್ದು ರಿಯಾಜ್ ಎಂದು ದಯನಿತಾ ಮತ್ತೆ ಮತ್ತೆ ಹೇಳಿದ್ದಾರೆ. ಬಹಳ ಮಂದಿ ಇದನ್ನು ಶಿಸ್ತು, ಪರಿಶ್ರಮ ಎಂದಷ್ಟೇ ತಿಳಿಯುತ್ತಾರೆ. ಅದರಲ್ಲಿ ಇನ್ನೂ ಒಂದು ಮಾತಿದೆ. ರಾಗದಲ್ಲಿ ಬಳಸುವ ಸ್ವರಗಳು ಮೊದಲೇ ಗೊತ್ತಿರುತ್ತವೆ. ಹೊಸತಾಗಬೇಕಾದದ್ದು ಈ ಹೊತ್ತಿನ ಹೆಣಿಗೆ. ಒಂದೇ ನೆಗೆಟಿವನ್ನು ಇಪ್ಪತ್ತು ವರ್ಷದ ಮೇಲೂ ಹೊಸ ನೆರೆಹೊರೆಯಲ್ಲಿ ಕೂರಿಸಿ ನೋಡುವ ಅವರ ಚಟಕ್ಕೆ ಬೇರು ಅಲ್ಲಿದೆ.

ಕ್ಯಾಮೆರಾದ ಆಯ್ಕೆಯೂ ಇದಕ್ಕೆ ಹೊಂದಿಕೊಂಡಿದೆ. ಅವರದು ಚೌಕಾಕಾರದ ಚಿತ್ರ ಕೊಡುವ ಹ್ಯಾಸೆಲ್‌ಬ್ಲಾಡ್. ಸೊಂಟದ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ಎಡಬಲ ಅದಲುಬದಲಾಗಿ ಕಾಣುವ ಬಿಂಬವನ್ನು ನೋಡಿ ತೆಗೆಯುವ ಯಂತ್ರ ಅದು. ಎದುರಿಗಿರುವವರಿಗೆ ಫೋಟೋಗ್ರಾಫರಳ ಮುಖ ಮರೆಯಾಗುವುದಿಲ್ಲ, ಮಾತುಕತೆ ನಡೆಯುತ್ತಲೇ ಇರಬಹುದು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹನ್ನೆರಡೂ ಒಂದೇ ಹಾಳೆಯ ಕಾಂಟ್ಯಾಕ್ಟ್ ಪ್ರಿಂಟಿನಲ್ಲಿ ಅಕ್ಕಪಕ್ಕ ಕೂರುತ್ತವೆ. ಚಿತ್ರವನ್ನು ದೊಡ್ಡದು ಮಾಡುವ ಮೊದಲೇ, ಅಂಗೈ ಅಗಲಕ್ಕಿಂತ ಸಣ್ಣ ಚೌಕಗಳಾಗಿ, ನೆರೆಯವುಗಳ ಜೊತೆಗೇ ನೋಡುವ ಅಭ್ಯಾಸ ಹೀಗೆ ಬೆಳೆಯುತ್ತದೆ. ಚೌಕಕ್ಕೆ ಅಡ್ಡ, ಉದ್ದ ಎಂಬ ಭೇದವಿಲ್ಲದ್ದರಿಂದ ಯಾವ ಚಿತ್ರವನ್ನಾದರೂ ಯಾವುದರ ಪಕ್ಕಕ್ಕಾದರೂ ಇಡಬಹುದು. ಮುಂದೆ ಇವರು ಕಟ್ಟಿದ ದೊಡ್ಡ ದೊಡ್ಡ ರಚನೆಗಳೆಲ್ಲ ಈ ಸಣ್ಣ ಅನುಕೂಲದ ಮೇಲೆ ನಿಂತಿವೆ.

ಜೋಡಣೆಯೇ ಕಲೆ ಅನ್ನುವ ಮಾತನ್ನು ಇವರೇ ಮೊದಲು ಹೇಳಿದರೆಂದಲ್ಲ. ರಾಬರ್ಟ್ ಫ್ರ್ಯಾಂಕ್ 1955–56ರಲ್ಲಿ ಅಮೆರಿಕ ಸುತ್ತಿ 767 ರೋಲ್ ಫಿಲ್ಮ್ ಖರ್ಚು ಮಾಡಿದರು. ಸುಮಾರು 27 ಸಾವಿರ ಫ್ರೇಮು. ‘ದಿ ಅಮೆರಿಕನ್ಸ್’ ಪುಸ್ತಕಕ್ಕೆ ಉಳಿದದ್ದು 83. ಆ 83ರಲ್ಲಿ ಕೆಲವು ಚಿತ್ರಗಳು ಮಸುಕು, ಕೆಲವು ಸೊಟ್ಟ. ನಮ್ಮ ಯಾವ ಸಲೋನಿನಲ್ಲೂ ಅವು ಮೊದಲ ಸುತ್ತು ದಾಟುತ್ತಿರಲಿಲ್ಲ. ಆದರೆ ಬಾವುಟ, ಕಾರು, ಶಿಲುಬೆ, ಜೂಕ್‌ಬಾಕ್ಸ್ ಮರಳಿ ಮರಳಿ ಬರುತ್ತ ಒಂದು ದೇಶದ ಒಂಟಿತನವನ್ನು ಕಟ್ಟಿಕೊಡುತ್ತವೆ. ಫ್ರ್ಯಾಂಕ್ ಒಮ್ಮೆ ಕಟ್ಟಿದ ಸಾಲನ್ನು ಹಾಗೇ ಬಿಟ್ಟರು. ಪುಸ್ತಕ ಎಷ್ಟು ಸಲ ಮರುಮುದ್ರಣವಾದರೂ ಬಹುಮಟ್ಟಿಗೆ ಅದೇ ಕ್ರಮ. ದಯನಿತಾ ಅದನ್ನು ಬಿಚ್ಚಿ ಬಿಚ್ಚಿ ಮತ್ತೆ ಕಟ್ಟುವ ಜಾತಿಯವರು.

‘ಸೆಂಟ್ ಎ ಲೆಟರ್’ (2008) ಇದಕ್ಕೆ ಒಳ್ಳೆಯ ಉದಾಹರಣೆ. ಗೆಳೆಯರೊಂದಿಗೆ ಊರು ಸುತ್ತಿ ಬಂದ ಮೇಲೆ, ಆ ಪ್ರವಾಸದ ಪುಟ್ಟ ಕಾಂಟ್ಯಾಕ್ಟ್ ಪ್ರಿಂಟುಗಳನ್ನು ಮಡಿಕೆ ಪುಸ್ತಕದಲ್ಲಿ ಅಂಟಿಸಿ ಎರಡು ಪ್ರತಿ ಮಾಡುತ್ತಿದ್ದರಂತೆ. ಒಂದು ಗೆಳೆಯರಿಗೆ, ಇನ್ನೊಂದು ತಮ್ಮ ಅಡುಗೆಮನೆಯ ಕಪಾಟಿಗೆ. ಅಂಥ ಏಳನ್ನು ಆರಿಸಿ ಬಟ್ಟೆ ಹೊದಿಸಿದ ಪುಟ್ಟ ಪೆಟ್ಟಿಗೆಯಲ್ಲಿಟ್ಟು ಪ್ರಕಟಿಸಿದರು. ಅಲಹಾಬಾದ್, ವಾರಾಣಸಿ, ಕಲ್ಕತ್ತಾ, ಬಾಂಬೆ, ದೇವಿಗಢ, ಪದ್ಮನಾಭಪುರಂ. ಏಳನೆಯದರಲ್ಲಿ ಊರಿಲ್ಲ, ತಾಯಿ ನೋನಿ ಸಿಂಗ್ ತೆಗೆದ ಮನೆಮಂದಿಯ ಚಿತ್ರಗಳಿವೆ. ಕೈಯಲ್ಲಿ ಹಿಡಿದು ಪುಟ ತಿರುವಿದರೆ ಅದು ಪುಸ್ತಕ. ಮಡಿಕೆ ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದರೆ ಗೇಣುದ್ದದ ಪ್ರದರ್ಶನ. ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಒಡವೆ ಅಂಗಡಿಯೊಂದು ಇದನ್ನು ಗಾಜಿನ ಕಿಟಕಿಯಲ್ಲಿ ಬಿಡಿಸಿ ನಿಲ್ಲಿಸಿಕೊಂಡದ್ದೂ ಉಂಟು. ಬೀದಿಯಲ್ಲಿ ಹೋಗುವವರಿಗೆ ಟಿಕೇಟಿಲ್ಲದ ಗ್ಯಾಲರಿ.

ಈ ಪುಟ್ಟ ಪುಸ್ತಕಗಳ ನಿಜವಾದ ಗುಣ ಕಾಣುವುದು ಮಡಿಕೆಯಲ್ಲಿ. ಪೂರ್ತಿ ಬಿಡಿಸಿದರೆ ಚಿತ್ರಗಳು ಒಂದೇ ಸಾಲು. ಅರ್ಧ ಮಡಿಸಿ ನಿಲ್ಲಿಸಿದರೆ ಎರಡೆರಡು ಚಿತ್ರ ಎದುರುಬದುರಾಗಿ ಮೂಲೆಯೊಂದು ಹುಟ್ಟುತ್ತದೆ. ಮಡಿಕೆಯನ್ನು ಒಂದು ಪುಟ ಆಚೀಚೆ ಸರಿಸಿದರೆ ಎದುರಾಗುವ ಜೋಡಿಯೇ ಬೇರೆ. ಖಾಲಿ ಕುರ್ಚಿಯ ಎದುರು ಹಾಸಿಗೆ ಬಂದರೆ ಮನೆಯವರು ಈಗಷ್ಟೇ ಎದ್ದು ಹೋದ ಹಾಗೆ. ಅದೇ ಕುರ್ಚಿಯ ಎದುರು ಹಾರ ಹಾಕಿದ ಪಟ ಬಂದರೆ ಇನ್ನೆಂದೂ ಬಾರದ ಹಾಗೆ. ಕುರ್ಚಿ ಅದೇ, ಅದರ ಮೇಲೆ ಬಿದ್ದ ಬೆಳಕೂ ಅದೇ. ಒಂದು ಚಿತ್ರದ ಅರ್ಥದಲ್ಲಿ ಎಷ್ಟು ಪಾಲು ಅದರೊಳಗಿನದು, ಎಷ್ಟು ಪಾಲು ನೆರೆಮನೆಯದು ಅನ್ನುವುದನ್ನು ಇಷ್ಟು ಸರಳವಾಗಿ ತೋರಿಸಿಕೊಟ್ಟ ಸಾಧನ ಇನ್ನೊಂದನ್ನು ನಾನು ಕಂಡಿಲ್ಲ.

ಇನ್ನು ‘ಫೈಲ್ ರೂಮ್’ (2013). ದೇಶದ ಬೇರೆ ಬೇರೆ ದಾಖಲೆ ಕೋಣೆಗಳಲ್ಲಿ ವರ್ಷಗಟ್ಟಲೆ ತೆಗೆದ ಕಪ್ಪುಬಿಳುಪು ಚಿತ್ರಗಳ ಪುಸ್ತಕ. ನೆಲದಿಂದ ಸೂರಿನವರೆಗೆ ಕಬ್ಬಿಣದ ರ‍್ಯಾಕುಗಳು, ಅವುಗಳ ಭಾರಕ್ಕೆ ಮೀರಿದ ಕಡತಗಳು, ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ ಕಟ್ಟುಗಳು, ಗಂಟಿನಿಂದ ಇಣುಕುವ ಅಂಚು ಹರಿದ ಹಾಳೆಗಳು. ಎರಡು ರ‍್ಯಾಕುಗಳ ನಡುವೆ ಒಬ್ಬರು ಹೋಗುವಷ್ಟು ಸಂದು, ಏಣಿ, ಮೇಜು. ಕೆಲವು ಚಿತ್ರಗಳಲ್ಲಿ ಆ ಕಾಗದಗಳ ನಡುವೆ ಅವುಗಳ ಪಾಲಕರು ಕೂತಿದ್ದಾರೆ. ಆಕಾರದಲ್ಲಿ ಕಡತಗಳ ಮುಂದೆ ಸಣ್ಣವರು. ಆದರೆ ಯಾವ ಕಾಗದ ಎಲ್ಲಿದೆಯೆಂದು ಬಲ್ಲ ಗತ್ತು ಕೂತ ಭಂಗಿಯಲ್ಲೇ ಕಾಣುತ್ತದೆ. ಫ್ಲ್ಯಾಶ್ ಇಲ್ಲ. ಕಿಟಕಿಯಿಂದ ಬಂದಷ್ಟು ಬೆಳಕು, ಇಲ್ಲವೇ ಟ್ಯೂಬ್‌ಲೈಟು. ಮುದ್ರಣದಲ್ಲಿ ಬೂದುಬಣ್ಣದ ಅಷ್ಟೂ ಛಾಯೆಗಳು ಉಳಿದಿರುವುದರಿಂದ ಕಾಗದ, ಬಟ್ಟೆ, ಕಬ್ಬಿಣ, ಧೂಳು ಒಂದೊಂದೂ ಬೇರೆ ಬೇರೆಯಾಗಿ ಕೈಗೆ ಹತ್ತುವಂತಿದೆ.

ಈ ಚಿತ್ರಗಳನ್ನು ಲಂಡನ್ನಿನ ನೋಡುಗ ನೋಡುವುದಕ್ಕೂ ನಮ್ಮ ತಾಲ್ಲೂಕು ಕಚೇರಿಗೆ ಅಲೆದವರು ನೋಡುವುದಕ್ಕೂ ವ್ಯತ್ಯಾಸವಿದೆ. ಹಳೆಯ ಪಹಣಿಗೋ ಪೋಡಿ ನಕ್ಷೆಗೋ ಅರ್ಜಿ ಕೊಟ್ಟು, ರೆಕಾರ್ಡ್ ರೂಮಿನ ಬಾಗಿಲಲ್ಲಿ ನಿಂತು, ‘ಕಡತ ಸಿಗ್ತಿಲ್ಲ, ಮುಂದಿನ ವಾರ ಬನ್ನಿ’ ಅನ್ನಿಸಿಕೊಂಡವರಿಗೆ ಈ ರ‍್ಯಾಕುಗಳು ಮೊದಲು ಕಾಣುವುದು ಸೌಂದರ್ಯವಾಗಿ ಅಲ್ಲ, ಅಧಿಕಾರವಾಗಿ. ಅಲ್ಲೆಲ್ಲೋ ಒಂದು ಗಂಟಿನಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿ ಇದೆ, ಇನ್ನೊಂದರಲ್ಲಿ ಕೆರೆ ಅಂಗಳದ ಒತ್ತುವರಿ. ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಈ ಶತಮಾನದ ಆರಂಭದ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ಆದರೂ ತಕರಾರು ಬಂದಾಗ ಹಳೆಯ ಮೂಲ ದಾಖಲೆಯನ್ನೇ ಕೇಳುತ್ತಾರೆ, ಗಂಟು ಬಿಚ್ಚಲೇಬೇಕು. ಪುಸ್ತಕ ಬಂದ ಕಾಲ ಕಾಗದ ಪರದೆಗೆ ಜಾಗ ಬಿಡುತ್ತಿದ್ದ ಕಾಲ. ಹಾಗಾಗಿ ಕಾಗದದ ಚರಮಗೀತೆಯೆಂದು ಇದನ್ನು ಮೆಚ್ಚಿದವರು ಬಹಳ. ನಮ್ಮ ಅನುಭವ ಅಷ್ಟು ನಯವಾಗಿಲ್ಲ. ಕಾಗದ ಸತ್ತಿಲ್ಲ, ಅದರ ಹಿಡಿತ ಇನ್ನೂ ಬಿಟ್ಟಿಲ್ಲ.

ನನ್ನ ಮೊದಲ ತಕರಾರೂ ಇಲ್ಲೇ. ‘ಫೈಲ್ ರೂಮ್’ ಚಿತ್ರಗಳಿಗೆ ಅಡಿಬರಹವಿಲ್ಲ. ಇದು ಯಾವ ಊರಿನ ಕಚೇರಿ, ನ್ಯಾಯಾಲಯವೋ ದೇವಸ್ಥಾನವೋ ನಗರಸಭೆಯೋ, ಮೇಜಿನ ಹಿಂದೆ ಕೂತವರು ಯಾರು, ಒಂದೂ ಗೊತ್ತಾಗುವುದಿಲ್ಲ. ದಯನಿತಾ ಇದನ್ನು ಬೇಕೆಂದೇ ಮಾಡಿದ್ದಾರೆ. ಅಡಿಬರಹ ಬಂದರೆ ಚಿತ್ರ ವರದಿಯಾಗುತ್ತದೆ, ನೋಡುಗರು ಓದಿ ಮುಗಿಸಿ ಪುಟ ತಿರುವುತ್ತಾರೆ ಅನ್ನುವ ಭಯ ಅವರದು. ಆ ಭಯಕ್ಕೆ ಕಾರಣವೂ ಉಂಟು. ತೊಂಬತ್ತರ ದಶಕದಲ್ಲಿ ಅವರು ವಿದೇಶಿ ಪತ್ರಿಕೆಗಳಿಗೆ ಮುಂಬಯಿಯ ವೇಶ್ಯಾವಾಟಿಕೆ, ಬಾಲಕಾರ್ಮಿಕರು ಎಂದು ಕೆಲಸ ಮಾಡಿದ್ದರು. ಪಶ್ಚಿಮಕ್ಕೆ ಮೊದಲೇ ಗೊತ್ತಿದ್ದ ಭಾರತವನ್ನೇ ತಾನು ಮತ್ತೆ ಒದಗಿಸುತ್ತಿದ್ದೇನೆ ಅನ್ನಿಸಿ ಆ ದಾರಿ ಬಿಟ್ಟರು. ಅಡಿಬರಹವನ್ನು ಕಿತ್ತುಹಾಕಿದ್ದು ಆ ಬಿಡುಗಡೆಯ ಒಂದು ಭಾಗ. ಆದರೆ ಬಿಡುಗಡೆ ಸಿಕ್ಕಿದ್ದು ಫೋಟೋಗ್ರಾಫರಿಗೆ. ಮೂವತ್ತು ವರ್ಷ ಆ ಕಡತಗಳ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಕೂತ ಗುಮಾಸ್ತ ಈ ಪುಸ್ತಕದಲ್ಲಿ ಒಂದು ಆಕಾರವಾಗಿ ಉಳಿಯುತ್ತಾನೆ. ಚಿತ್ರದ ಕೆಳಗೆ ಬೇಡ, ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಊರು, ಕಚೇರಿ, ವರ್ಷ ಬರೆದಿದ್ದರೆ ಕಾವ್ಯಕ್ಕೆ ಕುಂದೇನೂ ಬರುತ್ತಿರಲಿಲ್ಲ. ದಾಖಲೆಗಳ ಕುರಿತ ಪುಸ್ತಕವೇ ತನ್ನ ದಾಖಲೆಯನ್ನು ಬಿಟ್ಟುಕೊಡದಿರುವುದು ವಿಚಿತ್ರ.

ಇದೇ ವಸ್ತುವಿನ ಮೇಲೆ ಮುಂದೆ ಮಾಡಿದ ‘ಟೈಮ್ ಮೆಷರ್ಸ್’ (2016) ಸರಣಿಯಲ್ಲಿ ಈ ತೊಡಕು ಬೇರೆ ರೀತಿಯಲ್ಲಿ ಬಗೆಹರಿದಿದೆ. ಅಲ್ಲಿ ಕೋಣೆಯಿಲ್ಲ, ರ‍್ಯಾಕಿಲ್ಲ, ಮನುಷ್ಯರಿಲ್ಲ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳನ್ನು ಒಂದೊಂದಾಗಿ, ನೇರ ಮೇಲಿಂದ, ಬಣ್ಣದಲ್ಲಿ ತೆಗೆದಿದ್ದಾರೆ; ಒಟ್ಟು 34. ಮೊದಲ ನೋಟಕ್ಕೆ ಎಲ್ಲವೂ ಒಂದೇ. ನಿಂತು ನೋಡಿದರೆ ಎರಡು ಗಂಟು ಒಂದೇ ಥರ ಇಲ್ಲ. ಒಬ್ಬರು ಬಿಗಿದು ಕಟ್ಟಿದ್ದಾರೆ, ಇನ್ನೊಬ್ಬರು ಸಡಿಲವಾಗಿ. ಒಂದರ ತುದಿ ಒಳಗೆ ತುರುಕಿದೆ, ಮತ್ತೊಂದರದು ಕಿವಿಯಂತೆ ನಿಂತಿದೆ. ಬಿಸಿಲು ತಾಗಿದ ಕಡೆ ಕೆಂಪು ಮಾಸಿ ಬಿಳಚಿದೆ, ಮಡಿಕೆಯೊಳಗೆ ಮೂಲ ಬಣ್ಣ ಉಳಿದಿದೆ. ಕಟ್ಟಿದ ಕೈಯ ರೂಢಿ ಆ ಗಂಟಿನಲ್ಲಿದೆ. ಹೆಸರು ಹೇಳದೆಯೂ ಗುಮಾಸ್ತನ ಭಾವಚಿತ್ರ ತೆಗೆಯುವುದು ಹೀಗೆ. ಇಲ್ಲಿ ಹೆಸರಿಲ್ಲವೆಂಬ ಕೊರತೆ ಕಾಡುವುದಿಲ್ಲ, ಏಕೆಂದರೆ ಚಿತ್ರ ಕೇಳಿಕೊಂಡ ಪ್ರಶ್ನೆಗೆ ಚಿತ್ರದಲ್ಲೇ ಉತ್ತರವಿದೆ. ಒಂದೇ ನಿಯಮವನ್ನು 34 ಸಲ ಪಾಲಿಸಿದ್ದರಿಂದಲೇ ಸಣ್ಣ ವ್ಯತ್ಯಾಸಗಳು ಎದ್ದು ಕಂಡವು. ಒಂದೇ ಗಂಟಿನ ಚಿತ್ರವನ್ನು ಚೌಕಟ್ಟು ಹಾಕಿ ಗೋಡೆಗೆ ಹಾಕಿದ್ದರೆ ಅದು ಗಂಟಿನ ಫೋಟೋ, ಅಷ್ಟೇ.

2013ರಲ್ಲಿ ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ ದಯನಿತಾ ತಮ್ಮ ‘ಮ್ಯೂಸಿಯಂ’ಗಳನ್ನು ತೋರಿಸಿದರು. ಇವು ಕಟ್ಟಡಗಳಲ್ಲ, ಆಳೆತ್ತರದ ತೇಗದ ಮರದ ರಚನೆಗಳು. ಬಾಗಿಲಿನಂತೆ ತೆರೆಯುವ, ಮಡಚುವ, ಕೋನ ಬದಲಿಸುವ ಅಂಕಣಗಳಲ್ಲಿ ಹತ್ತಾರು ಚಿತ್ರಗಳು. ಹೊರಗೆ ಕಾಣುವಷ್ಟು ಕಾಣುತ್ತವೆ, ಉಳಿದವು ಒಳಗಿನ ಖಾನೆಗಳಲ್ಲಿ ಸರದಿಗೆ ಕಾಯುತ್ತವೆ. ‘ಫೈಲ್ ಮ್ಯೂಸಿಯಂ’ನಲ್ಲಿ 140 ಚಿತ್ರಗಳಿವೆ. ಯಂತ್ರಗಳಿಗೊಂದು, ಪೀಠೋಪಕರಣಗಳಿಗೊಂದು, ಪುಟ್ಟ ಹುಡುಗಿಯರಿಗೊಂದು ಮ್ಯೂಸಿಯಂ. ಒಂದೇ ಚಿತ್ರ ಈ ವರ್ಷ ಒಂದರಲ್ಲಿ, ಮುಂದಿನ ಸಲ ಇನ್ನೊಂದರಲ್ಲಿ ಇರಬಹುದು. ಇವೆಲ್ಲ ಸೇರಿ ‘ಮ್ಯೂಸಿಯಂ ಭವನ್’. 2017ರಲ್ಲಿ ಅದೇ ಹೆಸರಿನಲ್ಲಿ ಒಂಬತ್ತು ಮಡಿಕೆ ಪುಸ್ತಕಗಳ ಪೆಟ್ಟಿಗೆ ಬಂತು. 3,000 ಪೆಟ್ಟಿಗೆಗಳು, ಒಂದರಂತೆ ಇನ್ನೊಂದಿಲ್ಲ. ಅದಕ್ಕೆ ಮುಂಚಿನ ‘ಮ್ಯೂಸಿಯಂ ಆಫ್ ಚಾನ್ಸ್’ ಪುಸ್ತಕದ ಮುಖಪುಟ, ಹಿಂಪುಟಗಳಲ್ಲಿ 88 ಬೇರೆ ಬೇರೆ ಚಿತ್ರಗಳು ಬರುವಂತೆ ಅಚ್ಚು ಹಾಕಿಸಿದರು. ಅಂಗಡಿಯಲ್ಲಿ ಯಾವ ಪ್ರತಿ ಕೈಗೆ ಬರುತ್ತದೋ ಅದು ನಿಮ್ಮದು. ಸಾವಿರಗಟ್ಟಲೆ ಅಚ್ಚಾಗುವ ಆಫ್‌ಸೆಟ್ ಪುಸ್ತಕಕ್ಕೂ ಮೂಲಕೃತಿಗೂ ನಡುವಿನ ಗೋಡೆಯನ್ನು ಹೀಗೆ ಕೆಡವಿದ್ದು ದೊಡ್ಡ ಚಾತುರ್ಯ. ಚಿತ್ರದ ಬೆಲೆಯನ್ನು ಹೆಚ್ಚಿಸಲು ‘ಇದರ ಐದೇ ಪ್ರಿಂಟ್ ಮಾಡುತ್ತೇನೆ’ ಎಂದು ಬರೆದುಕೊಡುವ ಗ್ಯಾಲರಿ ಲೋಕದ ಪದ್ಧತಿಗೆ ಇದು ನೇರ ಸವಾಲು.

ಸವಾಲು ಎಷ್ಟು ದೂರ ಹೋಯಿತು? ಮ್ಯೂಸಿಯಂಗಳ ಬಗ್ಗೆ ಹೇಳುವ ಮಾತು ಬದಲಾವಣೆ, ಚಲನೆ, ನೋಡುಗರ ಸ್ವಾತಂತ್ರ್ಯ. ಆದರೆ ಗ್ಯಾಲರಿಗೆ ಒಂದು ಮಧ್ಯಾಹ್ನ ಬಂದು ಹೋಗುವವರಿಗೆ ಕಾಣುವುದು ನಿಂತ ರಚನೆ. ಅವರು ಚಿತ್ರ ಮುಟ್ಟುವಂತಿಲ್ಲ, ಅಂಕಣ ತಿರುಗಿಸುವಂತಿಲ್ಲ. ಮರುಜೋಡಣೆಯ ಸುಖ ಕಲಾವಿದೆಗೆ, ಕ್ಯುರೇಟರಿಗೆ, ಕೊಂಡವರಿಗೆ. ಎಲ್ಲರ ಕೈಗೂ ಸಿಗಲೆಂದು ಪುಸ್ತಕ ಎಂಬ ಮಾತೂ ಹಾಗೇ. ಜರ್ಮನಿಯಲ್ಲಿ ಅಚ್ಚಾಗುವ ಸ್ಟೈಡಲ್ ಪುಸ್ತಕದ ಬೆಲೆ ನಮ್ಮ ಊರಿನ ಸ್ಟುಡಿಯೋ ನಡೆಸುವ ಹುಡುಗನಿಗೆ, ಚಿತ್ರಕಲಾ ಶಾಲೆಯ ವಿದ್ಯಾರ್ಥಿನಿಗೆ ಎಟುಕುವಂಥದ್ದಲ್ಲ. ಜಿಲ್ಲಾ ಗ್ರಂಥಾಲಯಗಳಿಗೂ ಅದು ಬರುವುದಿಲ್ಲ. ಗ್ಯಾಲರಿಯ ಗೋಡೆಯಿಂದ ಇಳಿದ ಚಿತ್ರ ಸಂಗ್ರಾಹಕರ ಕಪಾಟು ಸೇರಿತು ಅನ್ನುವುದು ಕಟುವಾದರೂ ಸುಳ್ಳಲ್ಲ. ಈ ಕಾರಣಕ್ಕೇ ಅಡುಗೆಮನೆಯ ಕಪಾಟಿನಲ್ಲಿ ಹುಟ್ಟಿದ ‘ಸೆಂಟ್ ಎ ಲೆಟರ್’ ತೇಗದ ಮ್ಯೂಸಿಯಂಗಳಿಗಿಂತ ನನಗೆ ದೊಡ್ಡ ಕೃತಿಯಾಗಿ ಕಾಣುತ್ತದೆ. ಅದರ ವಿಧಾನಕ್ಕೆ ದುಡ್ಡು ಬೇಡ. ಸಣ್ಣ ಪ್ರಿಂಟು, ಅಂಟು, ಮಡಚಿದ ಕಾಗದ ಇದ್ದರೆ ಯಾರಾದರೂ ಮಾಡಬಹುದು.

ಎರಡನೆಯ ತಕರಾರು ಇನ್ನೂ ಮೂಲದ್ದು. ಜೋಡಣೆಯೇ ಎಲ್ಲ ಎಂದಾದರೆ ಸಾಧಾರಣ ಚಿತ್ರವೂ ಒಳ್ಳೆಯ ನೆರೆಯಿಂದ ಬಚಾವಾಗುವುದಿಲ್ಲವೇ? ಆಗುತ್ತದೆ. ‘ಮ್ಯೂಸಿಯಂ ಆಫ್ ಚಾನ್ಸ್’ನಲ್ಲಿ ಅಂಥವು ಸಾಕಷ್ಟಿವೆ. ಕೆಲವು ಅಲ್ಲಿ ಬೇಕೇ ಬೇಕು: ಎರಡು ಬಿಗಿಯಾದ ಚಿತ್ರಗಳ ನಡುವೆ ಉಸಿರಾಡಲು ಬಿಡುವ ಖಾಲಿ ಕೋಣೆ, ಪರದೆ, ಮೆಟ್ಟಿಲು. ಎಲ್ಲವೂ ಏರುದನಿಯಲ್ಲೇ ಇದ್ದರೆ ಸಲೋನಿನ ಕ್ಯಾಟಲಾಗ್ ಆಗುತ್ತದೆ. ಆದರೆ ಇನ್ನು ಕೆಲವು, ಪಕ್ಕದ ಚಿತ್ರದ ಆಕಾರವನ್ನು ಹೋಲುತ್ತವೆಂಬ ಒಂದೇ ಕಾರಣಕ್ಕೆ ಜಾಗ ಗಿಟ್ಟಿಸಿವೆ. ಇಲ್ಲಿ ದುಂಡಗಿನದು, ಅಲ್ಲೂ ದುಂಡಗಿನದು. ಇಲ್ಲಿ ಬಿಳಿ ಬಟ್ಟೆ, ಅಲ್ಲೂ ಬಿಳಿ ಬಟ್ಟೆ. ಮೊದಲ ಸಲ ಜಾಣತನ ಅನ್ನಿಸುತ್ತದೆ, ಐದನೇ ಸಲ ಆಟ ಗೊತ್ತಾಗಿಬಿಡುತ್ತದೆ. ಜೋಡಣೆ ಅರ್ಥ ಹುಟ್ಟಿಸಬೇಕು, ಪ್ರಾಸ ಹೊಂದಿಸಿದರೆ ಸಾಲದು.

ಆಕಸ್ಮಿಕವನ್ನು ಅವರು ಬಳಸಿಕೊಂಡ ರೀತಿಯಲ್ಲೂ ಈ ವ್ಯತ್ಯಾಸ ಕಾಣಬಹುದು. ಕಾರ್ಖಾನೆಗಳನ್ನು ಚಿತ್ರಿಸುವಾಗ ಹಗಲು ಬೆಳಕಿನ ಬಣ್ಣದ ಫಿಲ್ಮನ್ನು ಹೊತ್ತು ಮುಳುಗಿದ ಮೇಲೆ ಬಳಸಿದ್ದರಿಂದ ಎಲ್ಲವೂ ದಟ್ಟ ನೀಲಿಗೆ ತಿರುಗಿತು. ಬೇರೆಯವರು ಲ್ಯಾಬಿನಲ್ಲಿ ಸರಿಪಡಿಸಿಕೊಳ್ಳುತ್ತಿದ್ದರು. ಇವರು ಆ ನೀಲಿಯನ್ನೇ ಹಿಡಿದು ‘ಬ್ಲೂ ಬುಕ್’ (2009) ಮಾಡಿದರು, ಅದೂ ಹರಿದು ಅಂಚೆಗೆ ಹಾಕಬಹುದಾದ ಕಾರ್ಡುಗಳ ರೂಪದಲ್ಲಿ. ಚಿಮಣಿ, ಪೈಪು, ಟ್ಯಾಂಕುಗಳ ದೂರದ ಊರು ಮನುಷ್ಯರದ್ದಲ್ಲವೇನೋ ಅನ್ನಿಸುವಷ್ಟು ತಣ್ಣಗಿದೆ. ಇಲ್ಲಿ ನೀಲಿ ಅಲಂಕಾರವಾಗಿ ಬಂದಿಲ್ಲ. ಕಾರ್ಖಾನೆಯ ಬಗ್ಗೆಯೇ ಏನನ್ನೋ ಹೇಳುತ್ತದೆ. ಕೈತಪ್ಪಿ ಬಂದದ್ದನ್ನು ಗುರುತಿಸಿ, ಅದಕ್ಕೆ ತಕ್ಕ ರೂಪ ಹುಡುಕಿ, ಪೂರ್ತಿ ದೂರ ಕೊಂಡೊಯ್ಯುವ ಈ ತಾಳ್ಮೆಗೆ ಸೃಜನಶೀಲತೆ ಅನ್ನಲು ನನಗೆ ಅಡ್ಡಿಯಿಲ್ಲ.

ಈ ಎಲ್ಲ ಪುಸ್ತಕಗಳನ್ನು ಅಳೆಯಲು ಒಂದು ಅಳತೆ ಬೇಕೆಂದರೆ ನಾನು ಎತ್ತಿಕೊಳ್ಳುವುದು ‘ಮೈಸೆಲ್ಫ್ ಮೋನಾ ಅಹ್ಮದ್’ (2001). 1989ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕಾಗಿ ದೆಹಲಿಯ ಹಿಜಡಾ ಸಮುದಾಯದ ಚಿತ್ರ ತೆಗೆಯಲು ಹೋದಾಗ ಮೋನಾರ ಪರಿಚಯವಾಯಿತು. ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾಗುತ್ತವೆಂದು ತಿಳಿದಾಗ, ಅಲ್ಲಿ ತನ್ನ ನೆಂಟರಿದ್ದಾರೆ, ಬೇಡ ಎಂದರು ಮೋನಾ. ದಯನಿತಾ ಫಿಲ್ಮನ್ನು ಅವರ ಕೈಗೇ ಕೊಟ್ಟುಬಿಟ್ಟರು. ಕೆಲಸ ಹೋಯಿತು, 2017ರಲ್ಲಿ ಮೋನಾ ತೀರಿಕೊಳ್ಳುವವರೆಗೂ ಉಳಿದ ಸ್ನೇಹ ಬಂತು. ಪುಸ್ತಕದಲ್ಲಿ ಮೋನಾರ ಮನೆ, ದತ್ತುಮಗಳ ಹುಟ್ಟುಹಬ್ಬದ ಜಾತ್ರೆ, ಆ ಮಗು ಕೈತಪ್ಪಿದ ಮೇಲಿನ ಕುಡಿತ, ಕೊನೆಗೆ ಹಳೆ ದೆಹಲಿಯ ಸ್ಮಶಾನದಲ್ಲಿ ಕಟ್ಟಿಕೊಂಡ ವಾಸ ಎಲ್ಲ ಇದೆ. ಅಡಿಬರಹವೂ ಇದೆ, ಮೋನಾರದೇ. ಪ್ರಕಾಶಕರಿಗೆ ಮೋನಾ ಬರೆಸಿ ಕಳಿಸಿದ ಇ-ಮೇಲುಗಳೇ ಪುಸ್ತಕದ ಗದ್ಯ. ಜಂಬ, ಸಿಟ್ಟು, ತಮಾಷೆ, ಹಟ ಎಲ್ಲ ಅವರ ದನಿಯಲ್ಲೇ ಬರುತ್ತದೆ. ಫೋಟೋಗ್ರಾಫರಳ ಜೊತೆ ಜಗಳವಾಡುವ ಹಕ್ಕೂ ಅವರಿಗಿದೆ. ಜೋಡಣೆ ಇಲ್ಲಿಯೂ ಉಂಟು. ಆದರೆ ಜೋಡಿಸುವ ಕೈ ಒಂದೇ ಅಲ್ಲ.

ಆದ್ದರಿಂದ ನನ್ನ ತೀರ್ಮಾನ ಹೀಗೆ. ಒಂಟಿ ಚಿತ್ರದ ಮೋಹದಿಂದ ಭಾರತದ ಫೋಟೋಗ್ರಫಿಯನ್ನು ಬಿಡಿಸಿದ್ದು ದಯನಿತಾ ಸಿಂಗ್ ಅವರ ದೊಡ್ಡ ಸಾಧನೆ. ಚಿತ್ರದ ಬಾಳು ಶಟರ್ ಬಿದ್ದಾಗ ಮುಗಿಯುವುದಿಲ್ಲವೆಂದು ಅವರು ಕೈಯಾರೆ ಮಾಡಿ ತೋರಿಸಿದರು. ಆದರೆ ತೇಗದ ಕುಶಲತೆ ಹೆಚ್ಚಿದಷ್ಟೂ ಚಿತ್ರದೊಳಗಿನ ಲೋಕ ದೂರ ಸರಿಯಿತು. ರೂಪ ತನ್ನನ್ನೇ ಮೆಚ್ಚಿಕೊಳ್ಳತೊಡಗಿದ ಕಡೆ ಅವರ ಕೆಲಸ ತೆಳುವಾಗಿದೆ. ತೆಗೆಸಿಕೊಂಡವರ ಋಣ ರೂಪದ ಮೇಲೆ ಭಾರ ಹಾಕಿದ ಕಡೆ ಗಟ್ಟಿಯಾಗಿದೆ.

ನಮ್ಮ ಕ್ಲಬ್ಬುಗಳಿಗೆ ಇದರಿಂದ ಏನು ಪ್ರಯೋಜನ? ಸಲೋನನ್ನು ಮುಚ್ಚಬೇಕಿಲ್ಲ, ಕಣ್ಣನ್ನೂ ಕೈಯನ್ನೂ ಪಳಗಿಸುವ ಕೆಲಸ ಅಲ್ಲಿ ನಡೆಯಲಿ. ಆದರೆ ಇಪ್ಪತ್ತು ವರ್ಷ ಕ್ಯಾಮೆರಾ ಹಿಡಿದ ಎಷ್ಟೋ ಜನರ ಹಾರ್ಡ್ ಡಿಸ್ಕಿನಲ್ಲಿ ಪದಕ ಗೆಲ್ಲದ, ಯಾರಿಗೂ ತೋರಿಸದ ಚಿತ್ರಗಳು ರಾಶಿ ಬಿದ್ದಿವೆ. ಒಂದೇ ಬೀದಿ, ಒಂದೇ ಮನೆ, ಒಂದೇ ಸಂತೆ, ಒಬ್ಬರೇ ವ್ಯಕ್ತಿಯ ವರ್ಷಗಟ್ಟಲೆಯ ಚಿತ್ರಗಳು. ಸ್ಪರ್ಧೆಗೆ ಯಾವುದು ಅಂತ ಹುಡುಕುವ ಬದಲು ಅವನ್ನು ಪೋಸ್ಟ್‌ಕಾರ್ಡ್ ಗಾತ್ರಕ್ಕೆ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹರಡಿ, ತಿಂಗಳುಗಟ್ಟಲೆ ಆಚೀಚೆ ಸರಿಸಿ ನೋಡಲಿ. ಹಿಂದೆ ಊರು, ಇಸವಿ, ಎದುರಿಗಿದ್ದವರ ಹೆಸರು ಬರೆದಿಡಲಿ. ಕ್ಲಬ್ಬಿನ ತಿಂಗಳ ಸಭೆಯಲ್ಲಿ ಒಬ್ಬರಿಂದ ಒಂದೇ ಚಿತ್ರ ತರಿಸುವ ಬದಲು ಹದಿನೈದರ ಒಂದು ಸಾಲನ್ನು ತರಿಸಿ, ಯಾವುದನ್ನು ಯಾಕೆ ಬಿಟ್ಟಿರಿ ಎಂದು ಕೇಳುವ ರೂಢಿ ಬರಲಿ. ಬಿಟ್ಟದ್ದಕ್ಕೆ ಕಾರಣ ಕೊಡಬಲ್ಲವರನ್ನು ಮಾತ್ರ ಕಲಾವಿದರೆನ್ನೋಣ.